ಯುದ್ಧವಿಮಾನ ಕೊಳ್ಳುವ ಮುನ್ನ ಪೀಣ್ಯವನ್ನೊಮ್ಮೆ ಕೇಳಿ

2025ರ ಮಾರ್ಚ್ ಕೊನೆಯ ವಾರದಲ್ಲಿ ಅಮೆರಿಕದ ಜಿಇ ಕಂಪನಿ ತೇಜಸ್ ಮಾರ್ಕ್-1ಎ ಯುದ್ಧವಿಮಾನಕ್ಕೆ ಬೇಕಾದ 99 ಎಂಜಿನ್‌ಗಳ ಪೈಕಿ ಮೊದಲನೆಯದನ್ನು ಬೆಂಗಳೂರಿನ ಎಚ್‌ಎಎಲ್‌ಗೆ ಹಸ್ತಾಂತರಿಸಿತು. ನಮ್ಮ ಪತ್ರಿಕೆಗಳಲ್ಲಿ ಅದು ಸಂತಸದ ಸುದ್ದಿಯಾಗಿಯೇ ಬಂತು. ಕಾಯುವಿಕೆ ಮುಗಿಯಿತಲ್ಲ ಎಂಬ ನಿಟ್ಟುಸಿರೂ ಅದರಲ್ಲಿತ್ತು. ಆದರೆ ಆ ಸಂದರ್ಭದಲ್ಲಿ ಕಂಪನಿ ತಾನಾಗಿಯೇ ಹೇಳಿಕೊಂಡ ಒಂದು ವಿವರ ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ತೇಜಸ್‌ಗೆಂದೇ ರೂಪಿಸಿದ ಈ ಎಂಜಿನ್‌ನ 65 ಪ್ರತಿಗಳನ್ನು 2016ರ ಹೊತ್ತಿಗೆ ಕಳಿಸಿಕೊಟ್ಟ ಮೇಲೆ ಮುಂದಿನ ಆರ್ಡರು ಕಣ್ಣಿಗೆ ಕಾಣದ ಕಾರಣ ಅದರ ಉತ್ಪಾದನಾ ಸಾಲನ್ನೇ ಮುಚ್ಚಲಾಗಿತ್ತು. 2021ರಲ್ಲಿ ಹೊಸ ಆರ್ಡರು ಬಂದಾಗ ಐದು ವರ್ಷ ನಿದ್ರಿಸಿದ್ದ ಆ ಸಾಲನ್ನು ಎಬ್ಬಿಸಬೇಕಾಯಿತು. ಜಗತ್ತಿನ ನಾನಾ ಕಡೆ ಹರಡಿಹೋಗಿದ್ದ ಬಿಡಿಭಾಗಗಳ ಪೂರೈಕೆದಾರರನ್ನು ಮತ್ತೆ ಹುಡುಕಿ ಒಗ್ಗೂಡಿಸಬೇಕಾಯಿತು.

ಕಾರ್ಖಾನೆಯವರು 'ಲೈನ್' ಎಂದು ಕರೆಯುವ ಈ ಉತ್ಪಾದನಾ ಸಾಲು ನಲ್ಲಿಯಂತಲ್ಲ, ತಿರುಗಿಸಿದ ಕೂಡಲೇ ನೀರು ಬರುವುದಕ್ಕೆ. ಅಲ್ಲಿದ್ದ ಯಂತ್ರಗಳು ಬೇರೆ ಕೆಲಸಕ್ಕೆ ಹೋಗಿರುತ್ತವೆ. ಬ್ಲೇಡಿನ ಎರಕ ಹಾಕುತ್ತಿದ್ದವನು ಬೇರೆ ಗಿರಾಕಿಯನ್ನು ಹಿಡಿದಿರುತ್ತಾನೆ. ಕೈಗೆ ಅಭ್ಯಾಸವಾಗಿದ್ದ ಹಿರಿಯ ಕೆಲಸಗಾರ ನಿವೃತ್ತನಾಗಿರುತ್ತಾನೆ. ನಕ್ಷೆಯಲ್ಲಿ ಎಲ್ಲವೂ ಇರುತ್ತದೆ, ಆದರೆ ನಕ್ಷೆಯಲ್ಲಿ ಬರೆಯದೆ ಬಿಟ್ಟ ಸಣ್ಣ ಸಂಗತಿಗಳು ಜನರ ಜೊತೆಯಲ್ಲೇ ಹೊರಟುಹೋಗಿರುತ್ತವೆ.

ಈಗ ನಮ್ಮ ಕಡೆಯ ದಿನಾಂಕಗಳನ್ನು ಪಕ್ಕದಲ್ಲಿಟ್ಟು ನೋಡೋಣ. 83 ತೇಜಸ್ ಮಾರ್ಕ್-1ಎ ವಿಮಾನಗಳ ಖರೀದಿಗೆ ರಕ್ಷಣಾ ಖರೀದಿ ಮಂಡಳಿ ತಾತ್ವಿಕ ಒಪ್ಪಿಗೆ ನೀಡಿದ್ದು 2016ರ ನವೆಂಬರಿನಲ್ಲಿ. ಎಂಜಿನ್ ಸಾಲು ಮುಚ್ಚಿದ್ದೂ ಅದೇ ವರ್ಷದ ಹೊತ್ತಿಗೆ! ಎಚ್‌ಎಎಲ್ ಜೊತೆಗಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಫೆಬ್ರುವರಿಯಲ್ಲಿ, ಯಲಹಂಕದ ವೈಮಾನಿಕ ಪ್ರದರ್ಶನದ ಸಂದರ್ಭದಲ್ಲಿ. ಮೊತ್ತ ಸುಮಾರು 48 ಸಾವಿರ ಕೋಟಿ ರೂಪಾಯಿ. ಜಿಇಗೆ 71.6 ಕೋಟಿ ಡಾಲರಿನ ಎಂಜಿನ್ ಆರ್ಡರು ಹೋದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಬೇಕು ಎಂದು ನಿರ್ಧರಿಸಿದ ದಿನಕ್ಕೂ ಕೊಡಿ ಎಂದು ಹೇಳಿದ ದಿನಕ್ಕೂ ನಡುವೆ ಐದು ವರ್ಷ ಸರಿದುಹೋಗಿತ್ತು. ಆ ಅವಧಿಯಲ್ಲಿ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಒಂದೇ ಒಂದು ಪ್ರಶ್ನೆ ಹೋಗಬೇಕಿತ್ತು: ನಿಮ್ಮ ಸಾಲು ಎಷ್ಟು ದಿನ ತೆರೆದಿರುತ್ತದೆ, ಅದನ್ನು ಬೆಚ್ಚಗಿಟ್ಟುಕೊಳ್ಳಲು ವರ್ಷಕ್ಕೆ ಕನಿಷ್ಠ ಎಷ್ಟು ಎಂಜಿನ್ ಬೇಕು? ಪ್ರಶ್ನೆ ಹೋಗಿದ್ದರೂ ಉತ್ತರದ ಮೇಲೆ ಕ್ರಮವಾಗಲಿಲ್ಲ ಎಂಬುದಕ್ಕೆ ಮೇಲಿನ ದಿನಾಂಕಗಳೇ ಸಾಕ್ಷಿ.

ಇದರ ಬೆಲೆಯನ್ನು ಲೆಕ್ಕಪತ್ರದಲ್ಲಿ ಕಾಣಲಾಗದು. 2024ರಲ್ಲಿ ವಾಯುಪಡೆಯ ಕೈಸೇರಬೇಕಿದ್ದ ವಿಮಾನ ಸೇರಲಿಲ್ಲ. ಒಡಲು ಸಿದ್ಧವಾಗಿ ಎಂಜಿನ್‌ಗಾಗಿ ಕಾದು ನಿಂತ ವಿಮಾನಗಳ ಸುದ್ದಿ 2025ರುದ್ದಕ್ಕೂ ಬರುತ್ತಲೇ ಇತ್ತು. ಆ ವರ್ಷದ ಸೆಪ್ಟೆಂಬರ್ 26ರಂದು ಕೊನೆಯ ಮಿಗ್-21ಗಳು ಚಂಡೀಗಡದಲ್ಲಿ ನಿವೃತ್ತಿಯಾದಾಗ, 42 ಸ್ಕ್ವಾಡ್ರನ್ ಇರಬೇಕಾದ ಕಡೆ 29 ಉಳಿದವು. ವಾಯುಪಡೆಯ ಮುಖ್ಯಸ್ಥರೇ ಅದೇ ವರ್ಷ ಬಹಿರಂಗವಾಗಿ ಅಸಮಾಧಾನ ತೋಡಿಕೊಂಡದ್ದು ಓದುಗರಿಗೆ ನೆನಪಿರಬಹುದು. ಎಲ್ಲ ವಿಳಂಬಕ್ಕೂ ಎಂಜಿನ್ ಒಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಕ್ಷಿಪಣಿ ಮತ್ತು ರೇಡಾರ್‌ಗಳ ಹೊಂದಾಣಿಕೆ, ಪ್ರಮಾಣೀಕರಣ, ನಡುವೆ ಬಂದ ಕೋವಿಡ್ ಎಲ್ಲವೂ ಅದರಲ್ಲಿ ಪಾಲುದಾರರು. ಆದರೂ ಎಂಜಿನ್ ಇಲ್ಲದ ವಿಮಾನ ಹಾರುವುದಿಲ್ಲ.

ಸೇನೆಗೆ ಬೇಕಾದದ್ದನ್ನು ಕೊಳ್ಳುವ ಮುನ್ನ ಅದನ್ನು ಒದಗಿಸಬಲ್ಲವರನ್ನು ವಿಚಾರಿಸುವ ಈ ಕೆಲಸಕ್ಕೆ ಆಡಳಿತದ ಭಾಷೆಯಲ್ಲಿ ಮಾರುಕಟ್ಟೆ ಸಂಶೋಧನೆ ಎಂಬ ಭಾರಿ ಹೆಸರಿದೆ. ಅಮೆರಿಕದಲ್ಲಿ 1994ರ ಕಾಯ್ದೆಯೊಂದು ಇದನ್ನು ಖರೀದಿ ಅಧಿಕಾರಿಯ ಕಡ್ಡಾಯ ಕರ್ತವ್ಯವನ್ನಾಗಿ ಮಾಡಿತು. ನಮ್ಮಲ್ಲಿ 2002ರ ಕೊನೆಯಲ್ಲಿ ಜಾರಿಗೆ ಬಂದು ಹಲವು ಸಲ ಪರಿಷ್ಕರಣೆಗೊಂಡ ರಕ್ಷಣಾ ಖರೀದಿ ಕಾರ್ಯವಿಧಾನ ಮತ್ತು ಅದರ ಜಾಗಕ್ಕೆ 2020ರ ಅಕ್ಟೋಬರಿನಲ್ಲಿ ಬಂದ ಹೊಸ ವಿಧಾನ ಇವೆರಡರಲ್ಲೂ 'ಮಾಹಿತಿ ಕೋರಿಕೆ' ಎಂಬ ಹಂತವಿದೆ. ಕಚೇರಿಗಳಲ್ಲಿ ಅದನ್ನು ಆರ್‌ಎಫ್‌ಐ ಎಂದೇ ಕರೆಯುತ್ತಾರೆ. ಟೆಂಡರಿಗಿಂತ ಬಹು ಮೊದಲು ರಕ್ಷಣಾ ಸಚಿವಾಲಯದ ಜಾಲತಾಣದಲ್ಲಿ ಅದು ಪ್ರಕಟವಾಗುತ್ತದೆ. ನಮಗೆ ಇಂಥದ್ದೊಂದು ಬೇಕಾಗಬಹುದು, ನಿಮ್ಮಲ್ಲಿ ಏನಿದೆ, ಅಂದಾಜು ಬೆಲೆ ಎಷ್ಟು, ದೇಶೀಯ ಭಾಗ ಎಷ್ಟು, ಎಷ್ಟು ದಿನಕ್ಕೆ ಕೊಡುತ್ತೀರಿ ಎಂದು ಕೇಳುತ್ತದೆ. ಕೊಳ್ಳುವ ಬಾಧ್ಯತೆ ಸರ್ಕಾರಕ್ಕಿಲ್ಲ, ಮಾರುವ ಬಾಧ್ಯತೆ ಕಂಪನಿಗಿಲ್ಲ.

ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಎರಡು ದಶಕಕ್ಕೂ ಮಿಕ್ಕಿ ದುಡಿದು, ಈಗ ಪೀಣ್ಯದ ಕೆಲವು ಸಣ್ಣ ಕೈಗಾರಿಕೆಗಳಿಗೆ ಟೆಂಡರಿನ ಕಾಗದಪತ್ರ ಸಿದ್ಧಪಡಿಸಿಕೊಡುವ ಕೆಲಸದಲ್ಲಿ ನಾನು ತೊಡಗಿದ್ದೇನೆ. ಮೇಜಿನ ಎರಡೂ ಕಡೆ ಕುಳಿತವನಿಗೆ ಈ ಕೋರಿಕೆ ಪತ್ರಗಳಲ್ಲಿ ಏನಿರುತ್ತದೆ ಎನ್ನುವುದಕ್ಕಿಂತ ಏನಿರುವುದಿಲ್ಲ ಎಂಬುದೇ ಹೆಚ್ಚು ಕಾಣುತ್ತದೆ. ಯಂತ್ರದ ಗುಣದ ಬಗ್ಗೆ ಪುಟಗಟ್ಟಲೆ ಪ್ರಶ್ನೆಗಳಿರುತ್ತವೆ: ಎಷ್ಟು ಎತ್ತರ, ಎಷ್ಟು ವೇಗ, ಲಡಾಖಿನ ಚಳಿ, ಜೈಸಲ್ಮೇರಿನ ಸೆಕೆ. ಅದನ್ನು ಮಾಡುವವನ ತಾಳಿಕೆಯ ಬಗ್ಗೆ ಒಂದೋ ಎರಡೋ ಸಾಲು. ಆಯುಷ್ಯದುದ್ದಕ್ಕೂ ಬಿಡಿಭಾಗ ಒದಗಿಸುವಿರಾ ಎಂಬ ಕಾಲಂ ಇಲ್ಲದಿಲ್ಲ. ದೊಡ್ಡ ಕಂಪನಿಯ ಮಾರಾಟ ಅಧಿಕಾರಿ ಅದರ ಎದುರು 'ಹೌದು' ಎಂದು ಬರೆಯುತ್ತಾನೆ. ತನಗೆ ಬಿಡಿಭಾಗ ಕೊಡುವ ಮೂವತ್ತು ಮಂದಿಯನ್ನು ವಿಚಾರಿಸಿ ಬರೆದ 'ಹೌದು' ಅದಲ್ಲ. ಆ ಮೂವತ್ತು ಮಂದಿಯ ಕಡೆ ಸರ್ಕಾರವೂ ನೋಡುವುದಿಲ್ಲ.

ಒಮ್ಮೆ ಕೊಂಡು ಮರೆಯುವ ಸರಕಾದರೆ ಇದು ನಡೆದೀತು. ಸೇನೆಯ ಖರೀದಿ ಹಾಗಲ್ಲ. ಮಿಗ್-21 ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ, ಹೋದದ್ದು 62 ವರ್ಷಗಳ ನಂತರ. ಅದನ್ನು ಮಾರಿದ ಸೋವಿಯತ್ ಒಕ್ಕೂಟವೇ 1991ರಲ್ಲಿ ಇಲ್ಲವಾಯಿತು! ಒಂದು ದೇಶದೊಡನೆ ಮಾಡಿಕೊಂಡ ಒಪ್ಪಂದದ ಬಿಡಿಭಾಗಗಳಿಗೆ ಹಲವು ದೇಶಗಳ ಬಾಗಿಲು ಬಡಿಯಬೇಕಾಯಿತು. ಮಾರಾಟಗಾರನ ಆಯುಷ್ಯಕ್ಕಿಂತ ಸರಕಿನ ಆಯುಷ್ಯ ಹೆಚ್ಚಾಗಿರುವ ವ್ಯಾಪಾರ ಇದು. ಹಾಗಿರುವಾಗ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಸರಕಿನ ಕುರಿತಾಗಿ ಮಾತ್ರ ಇದ್ದರೆ ಹೇಗೆ?

ನಮ್ಮಲ್ಲಿ ಮದುವೆ ನಿಶ್ಚಯವಾದರೆ ಅಡುಗೆಯವರನ್ನು ತಿಂಗಳುಗಟ್ಟಲೆ ಮೊದಲೇ ಕಂಡು ಮಾತನಾಡುತ್ತೇವೆ. ಭಟ್ಟರು ಕೇಳುವ ಮೊದಲ ಪ್ರಶ್ನೆ 'ಏನೇನು ಮಾಡಬೇಕು' ಎಂದಲ್ಲ, 'ಎಷ್ಟು ಎಲೆ?' ಎಂದು. ಐನೂರು ಎಲೆಯೋ ಐದು ಸಾವಿರ ಎಲೆಯೋ ಎಂಬುದರ ಮೇಲೆ ಪಾತ್ರೆ, ಸೌದೆ, ಕೈಯಾಳು, ತರಕಾರಿಯ ದರ ಎಲ್ಲವೂ ನಿಂತಿವೆ. ರಕ್ಷಣಾ ಇಲಾಖೆಯ ಕೋರಿಕೆ ಪತ್ರಗಳು ಹೋಳಿಗೆಯ ತೆಳುವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ, ಎಲೆಯ ಸಂಖ್ಯೆಯನ್ನು ಮಾತ್ರ ಹೇಳುವುದಿಲ್ಲ. ಹೇಳಿದರೂ ನಂಬಲು ಆಗುವುದಿಲ್ಲ.

ನಂಬದಿರುವುದಕ್ಕೆ ಕಾರಣಗಳಿವೆ. 126 ಯುದ್ಧವಿಮಾನ ಬೇಕೆಂದು ವಾಯುಪಡೆಯು ಮಾಹಿತಿ ಕೋರಿಕೆ ಕಳಿಸಿದ್ದು 2004ರಲ್ಲಿ. ಟೆಂಡರು ಹೊರಟದ್ದು 2007ರ ಆಗಸ್ಟಿನಲ್ಲಿ. ಆರು ಕಂಪನಿಗಳ ವಿಮಾನಗಳನ್ನು ಹಾರಿಸಿ, ಪರೀಕ್ಷಿಸಿ, 2012ರ ಜನವರಿಯಲ್ಲಿ ರಫೇಲನ್ನು ಆರಿಸಲಾಯಿತು. ಬೆಲೆ ಮತ್ತು ಹೊಣೆಗಾರಿಕೆಯ ಚೌಕಾಸಿ ಮುಗಿಯದೆ 2015ರಲ್ಲಿ ಇಡೀ ಪ್ರಕ್ರಿಯೆಯನ್ನು ಕೈಬಿಟ್ಟು, ಸರ್ಕಾರಗಳ ನಡುವೆ ನೇರವಾಗಿ 36 ವಿಮಾನಗಳನ್ನು ಕೊಳ್ಳಲು ನಿರ್ಧರಿಸಲಾಯಿತು. 108 ವಿಮಾನಗಳು ಬೆಂಗಳೂರಿನಲ್ಲಿ ತಯಾರಾಗುತ್ತವೆ ಎಂದು ನಂಬಿ ಯಂತ್ರಕ್ಕೆ ಮುಂಗಡ ಕೊಡಲು ಹೊರಟಿದ್ದವರು ನನಗೆ ಗೊತ್ತು. 36 ಸರಿಯೇ, 126 ಸರಿಯೇ ಎಂಬ ರಾಜಕೀಯ ವಾಗ್ವಾದ ಇಲ್ಲಿ ಬೇಡ, ಅದು ಬೇಕಾದಷ್ಟು ನಡೆದಿದೆ. 2018ರ ಏಪ್ರಿಲಿನಲ್ಲಿ 114 ವಿಮಾನಗಳಿಗಾಗಿ ಮತ್ತೊಂದು ಮಾಹಿತಿ ಕೋರಿಕೆ ಹೊರಟಾಗ ಪೀಣ್ಯದಲ್ಲಿ ಯಾರೂ ಯಂತ್ರದ ದರ ವಿಚಾರಿಸಲಿಲ್ಲ.

ಸಣ್ಣ ಪೂರೈಕೆದಾರನ ಲೆಕ್ಕ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೆಹಲಿಯ ಕಡತಗಳಲ್ಲಿ ಕಾಣದ ಲೆಕ್ಕ ಇದು. ವಿಮಾನದ ಒಂದು ಟೈಟಾನಿಯಂ ಬ್ರಾಕೆಟ್ ಎಂದಿಟ್ಟುಕೊಳ್ಳಿ. ಅಂಗೈ ಅಗಲದ ವಸ್ತು. ಅದನ್ನು ಕೊರೆಯಲು ಐದು ಅಕ್ಷದ ಸಿಎನ್‌ಸಿ ಯಂತ್ರ ಬೇಕು. ಅದರ ಬೆಲೆ ಕೋಟಿಗಳಲ್ಲಿ, ಬ್ಯಾಂಕಿನ ಸಾಲದಲ್ಲಿ. ವಿಮಾನೋದ್ಯಮದ ಗುಣಮಟ್ಟ ಪ್ರಮಾಣಪತ್ರ ಬೇಕು, ಅದನ್ನು ಪಡೆಯುವುದಕ್ಕೂ ಉಳಿಸಿಕೊಳ್ಳುವುದಕ್ಕೂ ವರ್ಷ ವರ್ಷ ಖರ್ಚು. ಲೋಹವನ್ನು ಹೊರದೇಶದಿಂದ ತರಿಸಬೇಕು. ನಿಮಗೆ ಬೇಕಾದದ್ದು ಐವತ್ತು ಕಿಲೋ ಇರಬಹುದು, ಆದರೆ ಗಿರಣಿಯವನು ಐನೂರು ಕಿಲೋಗಿಂತ ಕಡಿಮೆ ಕೊಡುವುದಿಲ್ಲ ಎನ್ನುತ್ತಾನೆ. ಹಿಡಿದಿಡುವ ಫಿಕ್ಸ್‌ಚರ್ ಬೇರೆ, ಮೊದಲ ತುಂಡಿನ ತಪಾಸಣೆ ಬೇರೆ. ತಪಾಸಣೆಯ ಕಡತ ತುಂಡಿಗಿಂತ ಭಾರ. ಇಷ್ಟೆಲ್ಲ ಮಾಡಿದ ಮೇಲೆ ವರ್ಷಕ್ಕೆ ನಲವತ್ತು ಬ್ರಾಕೆಟ್‌ಗೆ ಆರ್ಡರು ಬಂದರೆ ಒಂದೊಂದರ ಬೆಲೆ ಒಂದು ರೀತಿ, ಹತ್ತು ವರ್ಷಕ್ಕೆ ನಾಲ್ಕು ನೂರು ಎಂದು ಖಾತ್ರಿ ಸಿಕ್ಕರೆ ಇನ್ನೊಂದು ರೀತಿ. ಇವೆರಡರ ನಡುವಿನ ಅಂತರ ಶೇಕಡಾ ಹತ್ತೋ ಹದಿನೈದೋ ಅಲ್ಲ, ಎಷ್ಟೋ ಸಲ ಎರಡರಷ್ಟು. ಅವನು ದುಬಾರಿ ಎಂದು ಹೇಳುವ ಅಧಿಕಾರಿ, ಅಗ್ಗವಾಗುವುದು ಹೇಗೆಂದು ಅವನನ್ನು ಕೇಳಿರುವುದಿಲ್ಲ.

ನಾನು ಕಂಡ ಒಂದು ಪ್ರಸಂಗ. ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ಒಂದು ಗೇರ್ ಜೋಡಣೆಗೆ ಹತ್ತು ವರ್ಷಗಳ ದರ ಹೇಳಿ ಎಂದು ನಮ್ಮವರೊಬ್ಬರಿಗೆ ವಿಚಾರಣಾ ಪತ್ರ ಬಂತು. ಪ್ರಮಾಣದ ಜಾಗದಲ್ಲಿ 'ಅಗತ್ಯಕ್ಕೆ ಅನುಸಾರ' ಎಂದಿತ್ತು. ಮೂರು ವಾರ ಕೂತು ಮೂರು ಬೇರೆ ಬೇರೆ ಪ್ರಮಾಣಗಳಿಗೆ ಮೂರು ದರ ಲೆಕ್ಕಹಾಕಿ, ಯಾವ ಬೇರಿಂಗಿನ ತಯಾರಿಕೆ ಸದ್ಯದಲ್ಲೇ ನಿಲ್ಲಲಿದೆ ಎಂಬ ಟಿಪ್ಪಣಿಯನ್ನೂ ಸೇರಿಸಿ ಉತ್ತರ ಕಳಿಸಿದೆವು. ತಲುಪಿತು ಎಂಬ ಒಂದು ಸಾಲೂ ಬರಲಿಲ್ಲ. ನಾಲ್ಕು ವರ್ಷಗಳ ಬಳಿಕ ಟೆಂಡರು ಬಂದಾಗ ಪ್ರಮಾಣ ನಾವು ಊಹಿಸಿದ್ದ ಕನಿಷ್ಠಕ್ಕಿಂತ ಕಡಿಮೆ, ಅವಧಿ ಹತ್ತರ ಬದಲು ಎರಡು ವರ್ಷ, ನಿಂತುಹೋದ ಆ ಬೇರಿಂಗ್ ಮಾತ್ರ ನಕ್ಷೆಯಲ್ಲಿ ಹಾಗೆಯೇ ಇತ್ತು. ಅತಿ ಕಡಿಮೆ ದರ ಹೇಳಿದವನಿಗೆ ಕೆಲಸ ಹೋಯಿತು. ಆತ ಅದನ್ನು ಪೂರೈಸಲಾಗದೆ ಕೈಚೆಲ್ಲಿದ. ಮರುಟೆಂಡರಿಗೆ ನಮ್ಮವರು ದರವನ್ನೇ ಹೇಳಲಿಲ್ಲ. ಅಷ್ಟರಲ್ಲಿ ಅವರು ವಿದೇಶಿ ಕಾರು ಕಂಪನಿಯ ಕೆಲಸ ಹಿಡಿದಿದ್ದರು. ಅಲ್ಲಿ ಮುಂದಿನ ಹದಿನೆಂಟು ತಿಂಗಳ ಬೇಡಿಕೆಯ ಅಂದಾಜು ಪ್ರತಿ ತಿಂಗಳೂ ಇವರ ಕೈಗೆ ಬರುತ್ತದೆ.

ಮಾರುಕಟ್ಟೆಯನ್ನು ಕೇಳುವುದರಿಂದ ಆಗುವ ಇನ್ನೊಂದು ಉಪಕಾರ, ನಮ್ಮ ಬೇಡಿಕೆಯೇ ಸರಿಯಿದೆಯೇ ಎಂದು ತಿಳಿಯುವುದು. 2011ರಲ್ಲಿ ಭೂಸೇನೆಯು ನಳಿಗೆ ಬದಲಿಸಿದರೆ ಎರಡು ಬೇರೆ ಅಳತೆಯ ಗುಂಡು ಹಾರಿಸಬಲ್ಲ ರೈಫಲಿಗೆ ಟೆಂಡರು ಕರೆಯಿತು. ಅಗತ್ಯವಿದ್ದದ್ದು ಸುಮಾರು 66 ಸಾವಿರ. ಪರೀಕ್ಷೆಯಲ್ಲಿ ಯಾವ ಕಂಪನಿಯೂ ತೇರ್ಗಡೆಯಾಗದೆ 2015ರಲ್ಲಿ ಅದು ರದ್ದಾಯಿತು. ಸೈನಿಕರು ಹಳೆಯ ಇನ್ಸಾಸ್ ಹಿಡಿದುಕೊಂಡೇ ಗಡಿಯಲ್ಲಿ ನಿಂತರು. ಸೇನೆಯ ಕೆಲವು ಬೇಡಿಕೆಗಳು ಮಾರ್ವೆಲ್ ಕಾಮಿಕ್ಸ್ ಪುಸ್ತಕಗಳಿಂದ ಎದ್ದು ಬಂದಂತಿವೆ ಎಂದು ಆಗಿನ ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಹೇಳಿದ್ದುಂಟು. ಹಲವು ಕಂಪನಿಗಳ ಕರಪತ್ರಗಳಿಂದ ಉತ್ತಮವಾದ ಒಂದೊಂದು ಗುಣವನ್ನು ಹೆಕ್ಕಿ ಪಟ್ಟಿ ಮಾಡಿದರೆ ಆ ಎಲ್ಲ ಗುಣಗಳೂ ಕೂಡಿದ ಅಸ್ತ್ರ ಎಲ್ಲಿಯೂ ಇರುವುದಿಲ್ಲ. ಕರಪತ್ರ ಓದುವುದು ಬೇರೆ, ಕರಪತ್ರ ಬರೆದವನ ಕಾರ್ಖಾನೆಗೆ ಹೋಗಿ ಎರಡು ದಿನ ಕೂರುವುದು ಬೇರೆ.

ಹಾಗಾದರೆ ಅಧಿಕಾರಿಗಳು ಹೋಗಿ ಏಕೆ ಕೂರುವುದಿಲ್ಲ? ಈ ಪ್ರಶ್ನೆಗೆ ಒಂದೇ ಪದದ ಉತ್ತರ ಬೊಫೋರ್ಸ್. 1986ರಲ್ಲಿ 410 ಹೊವಿಟ್ಜರ್‌ಗಳಿಗೆ ಒಪ್ಪಂದವಾಗಿ, ಮರುವರ್ಷ ಲಂಚದ ಆರೋಪ ಹೊರಬಿದ್ದ ಮೇಲೆ ಭೂಸೇನೆ ಹೊಸ ಹೊವಿಟ್ಜರ್‌ಗಾಗಿ ಮತ್ತೊಂದು ದೊಡ್ಡ ವಿದೇಶಿ ಒಪ್ಪಂದ ಮಾಡಿಕೊಂಡದ್ದು 2016ರಲ್ಲಿ. ಮೂವತ್ತು ವರ್ಷ! ಪೂರೈಕೆದಾರನೊಡನೆ ಚಹಾ ಕುಡಿದರೂ ಮುಂದೊಂದು ದಿನ ತನಿಖೆಯ ಕಡತದಲ್ಲಿ ಅದು ಕಾಣಿಸಿಕೊಂಡೀತು ಎಂಬ ಅಂಜಿಕೆ ಒಂದಿಡೀ ಪೀಳಿಗೆಯ ಅಧಿಕಾರಿಗಳಲ್ಲಿ ಬೇರೂರಿತು. ಖರೀದಿ ವಿಭಾಗದಲ್ಲಿದ್ದಾಗ ನಾನೂ ಆ ಗಾಳಿಯಲ್ಲೇ ಉಸಿರಾಡಿದವನು. ಕೇಳದೆ ಬರೆದ ಟಿಪ್ಪಣಿಗೆ ಯಾರೂ ಶಿಕ್ಷೆ ಕೊಡುವುದಿಲ್ಲ. ಕೇಳಿ ಬರೆದದ್ದಕ್ಕೆ ವಿವರಣೆ ಕೇಳುತ್ತಾರೆ.

ಅಂಜಿಕೆಗೆ ಆಧಾರವಿಲ್ಲವೆಂದು ಹೇಳಲಾರೆ. ಗಣ್ಯರ ಪ್ರಯಾಣಕ್ಕೆಂದು ಅಗಸ್ಟಾವೆಸ್ಟ್‌ಲ್ಯಾಂಡ್ ಕಂಪನಿಯಿಂದ 12 ಹೆಲಿಕಾಪ್ಟರ್ ಕೊಳ್ಳುವ ಒಪ್ಪಂದ 2010ರಲ್ಲಿ ಆಯಿತು. ಮೊದಲು 6,000 ಮೀಟರ್ ಎತ್ತರದಲ್ಲಿ ಹಾರಬೇಕು ಎಂದಿದ್ದ ಷರತ್ತನ್ನು ಒಬ್ಬನೇ ಸ್ಪರ್ಧಿ ಉಳಿಯುತ್ತಾನೆಂಬ ಕಾರಣಕ್ಕೆ 4,500 ಮೀಟರಿಗೆ ಇಳಿಸಲಾಯಿತು. ಕ್ಯಾಬಿನ್ ಒಳಗೆ 1.8 ಮೀಟರ್ ಎತ್ತರವಿರಬೇಕು ಎಂಬ ಹೊಸ ಷರತ್ತನ್ನೂ ಸೇರಿಸಲಾಯಿತು. ಹಾಗೆ ಸೇರಿಸಿದ್ದರಿಂದ ಮತ್ತೆ ಒಬ್ಬನೇ ಸ್ಪರ್ಧಿ ಉಳಿಯುವಂತಾಯಿತೆಂದು ಮಹಾಲೇಖಪಾಲರ 2013ರ ವರದಿ ಹೇಳಿತು. ಲಂಚದ ಆರೋಪಗಳ ನಡುವೆ 2014ರ ಜನವರಿಯಲ್ಲಿ ಒಪ್ಪಂದ ರದ್ದಾಯಿತು. ಒಂದು ಷರತ್ತಿನ ಒಂದು ಅಂಕಿ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದು ಟೆಂಡರು ಹೊರಡುವ ಮೊದಲೇ ನಿರ್ಧಾರವಾಗಿರುತ್ತದೆ. ಆದ್ದರಿಂದಲೇ ಆ ಹಂತದ ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯಬಾರದು. ಎಲ್ಲ ಸ್ಪರ್ಧಿಗಳನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ, ಪ್ರತಿ ಪ್ರಶ್ನೆಯನ್ನೂ ಉತ್ತರವನ್ನೂ ದಾಖಲಿಸಿ, ಗೋಪ್ಯವಲ್ಲದ್ದನ್ನು ಪ್ರಕಟಿಸಿದರೆ ಭ್ರಷ್ಟನಿಗೆ ಕಷ್ಟವೇ ಹೊರತು ಪ್ರಾಮಾಣಿಕನಿಗಲ್ಲ. ನಮ್ಮ ವ್ಯವಸ್ಥೆ ಮಾತುಕತೆಯನ್ನೇ ಕಡಿಮೆ ಮಾಡಿತು. ಉಳಿದದ್ದು ಮಧ್ಯವರ್ತಿಯ ಪಿಸುಮಾತು. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಪ್ರದರ್ಶನದಲ್ಲಿ ವಿಮಾನಗಳ ಕಸರತ್ತು ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಮಳಿಗೆಗಳಲ್ಲಿ ವಿಸಿಟಿಂಗ್ ಕಾರ್ಡುಗಳ ವಿನಿಮಯ ಧಾರಾಳವಾಗಿ ಆಗುತ್ತದೆ. ಎಷ್ಟು ಎಲೆ ಎಂಬ ಮಾತು ಅಲ್ಲಿಯೂ ಏಳುವುದಿಲ್ಲ.

ಜಿಇ ಎಂಜಿನ್ ಕಥೆಯಂಥದು ನಮ್ಮ ದೇಶದೊಳಗೇ ನಡೆದಿದೆ. 1981ರಲ್ಲಿ ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯೂ ಜೊತೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದವಾಯಿತು. ಎರಡು ಅಲ್ಲಿಂದ ಬಂದವು, ಎರಡನ್ನು ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಲಾಯಿತು. ಶಾಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ನೌಕಾಪಡೆ ಸೇರಿದವು. ದಪ್ಪ ಉಕ್ಕಿನ ಒಡಲನ್ನು ಲೋಪವಿಲ್ಲದೆ ಬೆಸೆಯುವುದನ್ನು ನಮ್ಮವರು ಜರ್ಮನರಿಂದ ಕಲಿತಿದ್ದರು. ಇನ್ನೆರಡಕ್ಕೆ ಆರ್ಡರು ಬರಬೇಕಿತ್ತು, ಅಷ್ಟರಲ್ಲಿ ಅಲ್ಲಿಯೂ ಲಂಚದ ಆರೋಪ ಎದ್ದು ಎಲ್ಲವೂ ನಿಂತಿತು. ಮುಂದಿನ ಜಲಾಂತರ್ಗಾಮಿ ಒಪ್ಪಂದ ಫ್ರಾನ್ಸಿನ ಸ್ಕಾರ್ಪಿನ್‌ಗೆ, 2005ರಲ್ಲಿ. ಹನ್ನೊಂದು ವರ್ಷ ಕೆಲಸವಿಲ್ಲದೆ ಕುಳಿತ ಬೆಸುಗೆಗಾರ ಬೆಸುಗೆಗಾರನಾಗಿ ಉಳಿಯುವುದಿಲ್ಲ. ಹೊಸ ಪೀಳಿಗೆಗೆ ಮತ್ತೆ ಅಕ್ಷರಾಭ್ಯಾಸದಿಂದ ಶುರುವಾಯಿತು. ಮೊದಲನೆಯದು ನೌಕಾಪಡೆ ಸೇರಿದ್ದು 2017ರ ಡಿಸೆಂಬರಿನಲ್ಲಿ, ಆರನೆಯದು 2025ರ ಜನವರಿಯಲ್ಲಿ.

ಶ್ರೀಮಂತ ದೇಶಗಳೂ ಇದರಿಂದ ಪಾರಾಗಿಲ್ಲ. ಉಕ್ರೇನಿಗೆ ಸ್ಟಿಂಗರ್ ಕ್ಷಿಪಣಿಗಳನ್ನು ಕಳಿಸಿ ತನ್ನ ದಾಸ್ತಾನು ಕರಗಿದಾಗ, 2022ರಲ್ಲಿ, ಅಮೆರಿಕ ಹೊಸದನ್ನು ಕೊಳ್ಳಲು ರೇಥಿಯಾನ್ ಕಡೆ ತಿರುಗಿತು. ನೀವು ಹದಿನೆಂಟು ವರ್ಷಗಳಿಂದ ನಮ್ಮಿಂದ ಇದನ್ನು ಕೊಂಡಿಲ್ಲ, ಇದರೊಳಗಿನ ಕೆಲವು ಎಲೆಕ್ಟ್ರಾನಿಕ್ ಭಾಗಗಳು ಈಗ ಮಾರುಕಟ್ಟೆಯಲ್ಲೇ ಇಲ್ಲ, ಹೊಸದಾಗಿ ವಿನ್ಯಾಸ ಮಾಡಬೇಕು ಎಂದು ಕಂಪನಿಯ ಮುಖ್ಯಸ್ಥರು ಹೇಳಿದರು. ಕ್ಷಿಪಣಿ ಜೋಡಿಸುವುದನ್ನು ಹೊಸಬರಿಗೆ ಕಲಿಸಲು ಎಪ್ಪತ್ತು ದಾಟಿದ ನಿವೃತ್ತ ನೌಕರರನ್ನು ಮನೆಯಿಂದ ಕರೆಸಬೇಕಾಯಿತು. ಮಾರುಕಟ್ಟೆ ಸಂಶೋಧನೆಗೆ ಕಾಯ್ದೆಯನ್ನೇ ಮಾಡಿಕೊಂಡ ದೇಶದ ಪಾಡು ಇದು. ಕಾಯ್ದೆಯು ಕೊಳ್ಳುವಾಗ ಕೇಳು ಎಂದಿತು, ಕೊಳ್ಳದ ವರ್ಷಗಳಲ್ಲಿ ಕೇಳು ಎಂದು ಒತ್ತಾಯಿಸಲಿಲ್ಲ.

ಇತ್ತೀಚೆಗೆ ಗಾಳಿ ಸ್ವಲ್ಪ ಬದಲಾದಂತಿದೆ. 2025ರ ಮಾರ್ಚಿನಲ್ಲಿ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಎಚ್‌ಎಎಲ್ ಜೊತೆ ಆಯಿತು. ಬೆಂಗಳೂರು ಮತ್ತು ತುಮಕೂರಿನ ಘಟಕಗಳಲ್ಲಿ ತಯಾರಿ. 250ಕ್ಕೂ ಹೆಚ್ಚು ದೇಶೀಯ ಕಂಪನಿಗಳಿಗೆ, ಹೆಚ್ಚಿನವು ಸಣ್ಣವೇ, ಕೆಲಸ ಸಿಗಲಿದೆಯೆಂದು ಸಚಿವಾಲಯ ಹೇಳಿತು. ಅದೇ ಸೆಪ್ಟೆಂಬರಿನಲ್ಲಿ ಇನ್ನೂ 97 ತೇಜಸ್‌ಗಳಿಗೆ 62,370 ಕೋಟಿಯ ಒಪ್ಪಂದ. ನವೆಂಬರಿನಲ್ಲಿ ಜಿಇಗೆ 113 ಎಂಜಿನ್‌ಗಳ ಹೊಸ ಆರ್ಡರು ಹೋಯಿತು. ಪೂರೈಕೆ 2027ರಿಂದ 2032ರವರೆಗೆ. ಹಳೆಯ 99 ಇನ್ನೂ ಬಂದು ಮುಗಿಯುವ ಮೊದಲೇ ಮುಂದಿನದಕ್ಕೆ ಹೇಳಿಟ್ಟದ್ದಾಯಿತು. ಸಾಲು ಈ ಸಲ ನಿದ್ದೆ ಹೋಗದು. ಆ ನವೆಂಬರ್ 1ರಿಂದಲೇ ಜಾರಿಗೆ ಬಂದ ಪರಿಷ್ಕೃತ ರಕ್ಷಣಾ ಖರೀದಿ ಕೈಪಿಡಿಯಲ್ಲಿ, ದೇಶದೊಳಗೆ ಅಭಿವೃದ್ಧಿಪಡಿಸಿದ ವಸ್ತುವಿಗೆ ಐದು ವರ್ಷದವರೆಗೆ ಖಚಿತ ಆರ್ಡರು ಕೊಡುವ ಅವಕಾಶವಿದೆ. ಆಮದಾಗುತ್ತಿರುವ ಬಿಡಿಭಾಗಗಳ ಪಟ್ಟಿಯನ್ನು ತೋರಿಸಿ ಯಾರು ಮಾಡಿಕೊಡುತ್ತೀರಿ ಎಂದು ಕೇಳುವ 'ಸೃಜನ್' ಜಾಲತಾಣವೂ 2020ರಿಂದ ಇದೆ. ಇವೆಲ್ಲ ಒಳ್ಳೆಯ ಹೆಜ್ಜೆಗಳೇ.

ಆದರೂ ಕೇಳುವ ದನಿ ಮೇಲಿನ ಹಂತದಲ್ಲೇ ನಿಲ್ಲುತ್ತಿದೆ ಎಂಬುದು ನನ್ನ ಅನುಭವ. ಸಚಿವಾಲಯವು ಎಚ್‌ಎಎಲ್ಅನ್ನು ಕೇಳುತ್ತದೆ, ಎಚ್‌ಎಎಲ್‌ನಂಥ ದೊಡ್ಡ ಸಂಸ್ಥೆಗಳು ತಮಗೆ ನೇರವಾಗಿ ಪೂರೈಸುವವರನ್ನು ಕೇಳುತ್ತವೆ. ಅವರಿಗೆ ಎರಕ, ಫೋರ್ಜಿಂಗ್, ಉಷ್ಣೋಪಚಾರ, ಲೇಪನ ಮಾಡಿಕೊಡುವ ಮೂರನೆಯ ಹಂತದವರನ್ನು ಯಾರೂ ಕೇಳುವುದಿಲ್ಲ. ಗಂಟು ಬಿಗಿಯುವುದು ಸಾಮಾನ್ಯವಾಗಿ ಅಲ್ಲಿಯೇ. ಬೆಂಗಳೂರಿನಲ್ಲಿ ಒಂದು ವಿಶೇಷ ಲೇಪನ ಮಾಡಬಲ್ಲವರು ಇಬ್ಬರೇ ಇದ್ದು ಅವರಲ್ಲೊಬ್ಬರ ಮಗ ಸಾಫ್ಟ್‌ವೇರ್ ಸೇರಿದರೆ ಅದು ದೇಶದ ರಕ್ಷಣೆಗೆ ಸಂಬಂಧಿಸಿದ ಸುದ್ದಿ. ಆದರೆ ಅದನ್ನು ದಾಖಲಿಸುವ ಕಾಲಂ ಯಾವ ನಮೂನೆಯಲ್ಲೂ ನನಗೆ ಕಂಡಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಹಂತ ಇಳಿದಂತೆ ಈ ದಿನಗಳು ಹೇಗೆ ಉದ್ದವಾಗುತ್ತವೆ ಎಂಬುದನ್ನೂ ಮಾಹಿತಿ ಕೋರಿಕೆಯ ಹಂತದಲ್ಲೇ ವಿಚಾರಿಸಬಹುದು. ಹಣ ತಡವಾಗಿ ಬರುವ ಗಿರಾಕಿಗೆ ಪೂರೈಕೆದಾರ ದರದಲ್ಲಿ ಬಡ್ಡಿ ಸೇರಿಸಿಯೇ ಹೇಳುತ್ತಾನೆ. ಇದಕ್ಕೆ ಸಂಶೋಧನೆ ಬೇಕಿಲ್ಲ.

ಉತ್ತರ ಕೊಟ್ಟವರಿಗೆ ಮರುಮಾತು ಹೇಳುವ ಪದ್ಧತಿಯೂ ಬರಬೇಕು. ಇಷ್ಟು ಜನ ಉತ್ತರಿಸಿದರು, ಇಂಥ ಷರತ್ತು ಸಾಧ್ಯವಿಲ್ಲ ಎಂದರು, ಆದ್ದರಿಂದ ಇದನ್ನು ಬದಲಿಸಿದೆವು, ಯೋಜನೆ ಕೈಬಿಟ್ಟಿದ್ದರೆ ಕೈಬಿಟ್ಟೆವು ಎಂದು ಎರಡು ಪುಟದ ಟಿಪ್ಪಣಿ ಪ್ರಕಟಿಸುವುದರಿಂದ ಯಾವ ರಹಸ್ಯವೂ ಶತ್ರುವಿನ ಪಾಲಾಗುವುದಿಲ್ಲ. ಮೂರು ವಾರ ಕೂತು ಲೆಕ್ಕ ಹಾಕಿದವನಿಗೆ ಮುಂದಿನ ಸಲವೂ ಕೂರಬೇಕೆನಿಸುತ್ತದೆ.

ಐದನೆಯ ಪೀಳಿಗೆಯ ಎಎಂಸಿಎ ಯುದ್ಧವಿಮಾನದ ವಿನ್ಯಾಸಕ್ಕೆ 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಸಮಿತಿಯು ಸುಮಾರು 15 ಸಾವಿರ ಕೋಟಿ ರೂಪಾಯಿ ಮಂಜೂರು ಮಾಡಿತು. ಅದನ್ನು ಕಟ್ಟಲು ಆಸಕ್ತರಾದ ಕಂಪನಿಗಳಿಂದ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ 2025ರ ಜೂನಿನಲ್ಲಿ ಅರ್ಜಿ ಆಹ್ವಾನಿಸಿತು. ಆ ವಿಮಾನ ಸ್ಕ್ವಾಡ್ರನ್ ಸೇರುವುದು ಮುಂದಿನ ದಶಕದಲ್ಲಿ, ಹಾರುವುದು ಅಲ್ಲಿಂದಾಚೆ ಮೂವತ್ತು ನಲವತ್ತು ವರ್ಷ. ಅದರ ಬ್ರಾಕೆಟ್ಟು, ಬೇರಿಂಗು, ಲೇಪನಗಳನ್ನು ಮಾಡಬೇಕಾದವರಲ್ಲಿ ಅನೇಕರು ಪೀಣ್ಯದಲ್ಲೂ ಬೊಮ್ಮಸಂದ್ರದಲ್ಲೂ ಬಾಡಿಗೆ ಶೆಡ್ಡುಗಳಲ್ಲಿದ್ದಾರೆ. ವೈಮಾನಿಕ ಅಭಿವೃದ್ಧಿ ಸಂಸ್ಥೆಯ ಕಚೇರಿಯಿಂದ ಪೀಣ್ಯಕ್ಕೆ ಸಂಜೆಯ ವಾಹನದಟ್ಟಣೆಯಲ್ಲಿ ಹೊರಟರೂ ರಾತ್ರಿ ಊಟದ ಹೊತ್ತಿಗೆ ತಲುಪಬಹುದು.